ಆರು ವಾರ ಮನೆ ಸೊಂಟದೆತ್ತರಕ್ಕೆ ಬರಲಿ

ನಮ್ಮ ಮನೆಗಳ ಅರ್ಧ ಬದುಕು ನೆಲದ ಮೇಲೆಯೇ ನಡೆಯುತ್ತದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು, ಸ್ನಾನದ ಬಕೆಟ್ ಇಡುವುದು, ಈಳಿಗೆಮಣೆ ಮೇಲೆ ಕೂತು ಕಾಯಿ ತುರಿಯುವುದು, ಕಸ ಗುಡಿಸಿ ಒರೆಸುವುದು, ದೇವರಿಗೆ ಅಡ್ಡಬೀಳುವುದು, ಚಪ್ಪಲಿ ಹುಡುಕುವುದು ಎಲ್ಲವೂ ನೆಲದ ಮಟ್ಟದಲ್ಲಿ. ಬೆನ್ನಿನ ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರ ಮೂರೇ ಮಾತು ಇರುತ್ತದೆ: ಬಾಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ. ಆಸ್ಪತ್ರೆಯ ಎತ್ತರದ ಮಂಚದಲ್ಲಿ ಮಲಗಿದ್ದಾಗ ಇದು ಸುಲಭವಾಗಿ ಕಾಣುತ್ತದೆ. ಜಯನಗರದ ಹಳೇ ಮನೆಗೋ ಯಲಹಂಕದ ಮೂರನೇ ಮಹಡಿಯ ಫ್ಲ್ಯಾಟಿಗೋ ಬಂದು, ಮೊದಲ ದಿನ ಬಚ್ಚಲಿಗೆ ಹೋದಾಗ ಕಷ್ಟ ಗೊತ್ತಾಗುತ್ತದೆ.

ಬಕೆಟ್ ನೆಲದ ಮೇಲಿದ್ದರೆ ಎಂಥ ಶಿಸ್ತಿನ ಮನುಷ್ಯನೂ ಬಾಗಿಯೇ ಬಾಗುತ್ತಾನೆ. ಹಾಗಾಗಿ ರೋಗಿಗೆ ಬುದ್ಧಿ ಹೇಳುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ, ಸಾಮಾನುಗಳನ್ನು ಮೇಲಕ್ಕೆತ್ತಬೇಕು. ರೋಗಿ ಮನೆಗೆ ಬರುವ ಹಿಂದಿನ ದಿನ ಯಾರಾದರೊಬ್ಬರು ಅವರು ಓಡಾಡುವ ಜಾಗದಲ್ಲೆಲ್ಲ ಒಂದು ಸುತ್ತು ಬಂದು, ಮಂಡಿಗಿಂತ ಕೆಳಗಿರುವ ಪ್ರತಿ ಸಾಮಾನನ್ನೂ ಸೊಂಟದಿಂದ ಎದೆಯ ನಡುವಿನ ಎತ್ತರಕ್ಕೆ ತಂದಿಡಬೇಕು. ಒಂದು ಮಧ್ಯಾಹ್ನದ ಕೆಲಸ ಅಷ್ಟೆ.

ಬಾಗುವುದಕ್ಕೆ ಇಷ್ಟು ಹೆದರುವುದೇಕೆ ಎಂದು ಕೇಳುವವರಿಗೆ ಅಳೆದು ಕೊಟ್ಟ ಉತ್ತರವಿದೆ. ಜರ್ಮನಿಯ ಉಲ್ಮ್‌ನ ಸಂಶೋಧಕರು ಒಬ್ಬ ಆರೋಗ್ಯವಂತ ವ್ಯಕ್ತಿಯ ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ಒಳಗೆ ಸಣ್ಣ ಒತ್ತಡಮಾಪಕವನ್ನು ಇಟ್ಟು, ದಿನನಿತ್ಯದ ಕೆಲಸಗಳನ್ನು ಮಾಡಿಸಿ, ಸಿಕ್ಕ ಅಳತೆಗಳನ್ನು 1999ರಲ್ಲಿ ಪ್ರಕಟಿಸಿದರು. ಅಂಗಾತ ಮಲಗಿದಾಗ ಒತ್ತಡ 0.1 ಮೆಗಾಪಾಸ್ಕಲ್, ನೆಟ್ಟಗೆ ನಿಂತಾಗ 0.5, ನಿಂತಲ್ಲೇ ಮುಂದಕ್ಕೆ ಬಾಗಿದಾಗ 1.1. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3, ಅದೇ ಭಾರವನ್ನು ಮಂಡಿ ಮಡಚಿ ಎತ್ತಿದಾಗ 1.7. ಈ 20 ಕೆಜಿ ಎಂದರೆ ಬೆಂಗಳೂರಿನ ಮನೆಮನೆಗೆ ಬರುವ ಕುಡಿಯುವ ನೀರಿನ ಕ್ಯಾನಿನ ತೂಕ. ಅದನ್ನು ಬೆನ್ನು ಬಗ್ಗಿಸಿ ಎತ್ತಿದರೆ ಮಲಗಿದಾಗಿನ ಒತ್ತಡದ 20 ಪಟ್ಟಿಗೂ ಮೇಲೆ! ಡಿಸ್ಕಿನ ಜಾರಿದ ತುಂಡನ್ನು ತೆಗೆದ ಮೇಲೆ ಅದರ ಹೊರಪದರದಲ್ಲಿ ಒಂದು ಕಂಡಿ ಉಳಿದಿರುತ್ತದೆ. ಅದು ಕಲೆಗಟ್ಟಿ ಮುಚ್ಚಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಒತ್ತಡ ಏರಿದರೆ ಒಳಗಿನ ತಿರುಳು ಅದೇ ದಾರಿಯಲ್ಲಿ ಮತ್ತೆ ಹೊರಬರಬಹುದು.

ಬೆನ್ನಿನ ಆಪರೇಷನ್ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಡಿಸ್ಕಿನ ತುಂಡು ಮಾತ್ರ ತೆಗೆದವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ, ಅವರ ಎಚ್ಚರಿಕೆಯ ಕಾಲ ಸಾಮಾನ್ಯವಾಗಿ ಆರು ವಾರ. ಸ್ಕ್ರೂ, ರಾಡ್ ಹಾಕಿ ಎರಡು ಮೂಳೆಗಳನ್ನು ಬೆಸೆದವರ ಲೆಕ್ಕ ಬೇರೆ. ಸ್ಕ್ರೂಗಳು ಹಿಡಿದಿಟ್ಟಿರುತ್ತವೆ ಅಷ್ಟೆ, ಮೂಳೆಗೆ ಮೂಳೆ ಬೆಸೆದುಕೊಳ್ಳಲು 6ರಿಂದ 12 ತಿಂಗಳು ಹಿಡಿಯುತ್ತದೆ. ಇವರು ಇಲ್ಲಿ ಆರು ವಾರ ಎಂದಿರುವ ಕಡೆಗಳಲ್ಲಿ ಮೂರು ತಿಂಗಳು ಎಂದು ಓದಿಕೊಳ್ಳುವುದು ಒಳ್ಳೆಯದು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ನಿಕೋಟಿನ್ ಮೂಳೆ ಬೆಸೆಯುವುದನ್ನೇ ತಡೆಯುತ್ತದೆ, ಅದನ್ನು ಪೂರ್ತಿ ಬಿಡಲೇಬೇಕು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ಕೊನೆ. ಒಳಗೆ ಏನಿತ್ತು, ಏನು ಮಾಡಿದೆವು ಎಂಬುದನ್ನು ಕಣ್ಣಾರೆ ಕಂಡವರು ಅವರು.

ಆಸ್ಪತ್ರೆಯಿಂದ ಮನೆಗೆ ಕಾರಿನಲ್ಲೇ ಬನ್ನಿ, ಆಟೋ ಬೇಡ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪ ವಾಲಿಸಿ, ಸೀಟಿನ ಮೇಲೊಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಸಿ. ರೋಗಿ ಕಾರಿಗೆ ಬೆನ್ನು ಮಾಡಿ ನಿಂತು, ಮೊದಲು ಕುಂಡಿ ಊರಿ ಕೂತು, ಆಮೇಲೆ ಎರಡೂ ಕಾಲನ್ನು ಜೋಡಿಸಿಕೊಂಡು ಇಡೀ ಮೈಯನ್ನು ಒಟ್ಟಿಗೆ ಒಳಕ್ಕೆ ತಿರುಗಿಸಬೇಕು. ಕವರ್ ಜಾರುವುದರಿಂದ ಸೊಂಟ ತಿರುಚದೆ ಮೈ ತಿರುಗುತ್ತದೆ. ತಿರುಗಿ ಆದ ಕೂಡಲೇ ಕವರ್ ಎಳೆದುಬಿಡಿ, ಬ್ರೇಕ್ ಹಾಕಿದಾಗ ಜಾರಬಾರದು. ನೋವಿನ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲು ಕೊಡಿ. ಡ್ರೈವರಿಗೆ ಹಂಪ್‌ಗಳ ವಿಷಯ ಮೊದಲೇ ತಿಳಿಸಿ, ಗುಂಡಿಗಳ ಮಾತು ಹೇಳಬೇಕಾಗಿಲ್ಲ. ತುಮಕೂರು, ಕೋಲಾರ, ಮಂಡ್ಯದ ಕಡೆಯವರು 45 ನಿಮಿಷಕ್ಕೊಮ್ಮೆ ನಿಲ್ಲಿಸಿ ಎರಡು ನಿಮಿಷ ನಡೆಯಲಿ. ಲಿಫ್ಟ್ ಇಲ್ಲದ ಮನೆಯಾದರೆ ಕಂಬಿ ಹಿಡಿದು, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೊದಲ ವಾರ ದಿನಕ್ಕೊಂದು ಸಲ ಹತ್ತಿಳಿದರೆ ಸಾಕು.

ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಮಂಡಿಯೂ ಸೊಂಟವೂ ಸಮನಾಗಿರಬೇಕು. ಹೆಚ್ಚಿನವರಿಗೆ ಹಾಸಿಗೆಯೂ ಸೇರಿ 18ರಿಂದ 20 ಇಂಚು. ತಗ್ಗಿನ ದಿವಾನ್ ಇದ್ದರೆ ಬಡಗಿಯ ಹತ್ತಿರ ನಾಲ್ಕು ಮರದ ತುಂಡು ಮಾಡಿಸಿ, ದಿವಾನಿನ ಕಾಲು ಜಾರದಂತೆ ನಡುವೆ ಕುಳಿ ತೋಡಿಸಿ, ಅದರ ಮೇಲೆ ನಿಲ್ಲಿಸಿ. ಬೆನ್ನು ನೋವಿಗೆ ನೆಲದ ಮೇಲೆ ಚಾಪೆ ಹಾಸಿ ಮಲಗಬೇಕು ಎನ್ನುವ ಹಿರಿಯರ ಮಾತು ಇಲ್ಲಿ ಸಲ್ಲದು. ಮಲಗುವುದು ಹೇಗೋ ಆದೀತು, ಎದ್ದೇಳುವಾಗ ಬೆನ್ನು ಬಾಗದೆ ಬೇರೆ ದಾರಿಯಿಲ್ಲ.

ಏಳುವ ಬಗೆಯನ್ನು ಮನೆಯವರೆಲ್ಲ ಕಲಿಯಬೇಕು. ಮರದ ದಿಮ್ಮಿ ಉರುಳಿದ ಹಾಗೆ ಎಂದು ಫಿಸಿಯೋಥೆರಪಿಯವರು ಹೇಳುವುದು ಇದನ್ನೇ. ಅಂಗಾತ ಮಲಗಿದ್ದಲ್ಲೇ ಎರಡೂ ಮಂಡಿ ಮಡಚಬೇಕು. ಹೊಟ್ಟೆಯ ಸ್ನಾಯು ಮೆಲ್ಲಗೆ ಬಿಗಿಹಿಡಿದು, ಭುಜ, ಸೊಂಟ, ಮಂಡಿ ಮೂರೂ ಒಂದೇ ಸಲಕ್ಕೆ ಮಂಚದ ಅಂಚಿನ ಕಡೆ ಮಗ್ಗುಲಾಗಬೇಕು. ಮೊದಲು ಭುಜ, ಆಮೇಲೆ ಸೊಂಟ ತಿರುಗಿದರೆ ಅದೇ ತಿರುಚು. ಮಗ್ಗುಲಾದ ಮೇಲೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯಿಂದ ಹಾಸಿಗೆಯನ್ನು ಒತ್ತುತ್ತಾ, ಅದೇ ಹೊತ್ತಿಗೆ ಎರಡೂ ಕಾಲನ್ನು ಮಂಚದಿಂದ ಕೆಳಗೆ ಬಿಡಬೇಕು. ಇಳಿಯುವ ಕಾಲಿನ ಭಾರವೇ ಮೈಯನ್ನು ಎತ್ತುತ್ತದೆ. ಕೂತ ಮೇಲೆ ಒಂದು ನಿಮಿಷ ಹಾಗೇ ಇದ್ದು, ತಲೆ ತಿರುಗುತ್ತಿಲ್ಲ ಎಂದು ಖಚಿತ ಮಾಡಿಕೊಂಡು ನಿಲ್ಲಬೇಕು. ಮಲಗುವಾಗ ಇದೇ ಕ್ರಮ ಹಿಂದುಮುಂದು. ಪ್ರೀತಿಯಿಂದ ಕೈ ಹಿಡಿದು ಎಳೆದು ಕೂರಿಸಲು ಬರುವ ಮಗನಿಗೆ ಅದು ತಪ್ಪು ಎಂದು ಮೊದಲೇ ಹೇಳಿ. ಎಳೆದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಸಹಾಯ ಮಾಡುವವರು ಭುಜದ ಹಿಂದೆ ಒಂದು ಕೈ, ಮಂಡಿಯ ಹಿಂದೆ ಒಂದು ಕೈ ಇಟ್ಟು ಜೊತೆಗೆ ಉರುಳಿಸಿದರೆ ಸಾಕು.

ಬೆಳಗ್ಗೆ ಎದ್ದಾಗ ಬೆನ್ನು ಹೆಚ್ಚು ಬಿಗಿಯಾಗಿರುವುದಕ್ಕೂ ಕಾರಣವಿದೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಉಬ್ಬುತ್ತದೆ. ಉಲ್ಮ್‌ನ ಅಳತೆಯಲ್ಲಿ 0.1 ಇದ್ದ ಒತ್ತಡ ಬೆಳಗಾಗುವಷ್ಟರಲ್ಲಿ 0.24ಕ್ಕೆ ಏರಿತ್ತು. ಎದ್ದ ಮೊದಲ ಒಂದು ಗಂಟೆ ಅತಿ ಹೆಚ್ಚು ಎಚ್ಚರ ಬೇಕು. ನಮ್ಮಲ್ಲಿ ಹಲ್ಲುಜ್ಜುವುದು, ಮುಖ ತೊಳೆಯುವುದು, ಕಕ್ಕಸು, ಸ್ನಾನ ಎಲ್ಲ ನಡೆಯುವುದೂ ಆ ಒಂದು ಗಂಟೆಯಲ್ಲೇ.

ಹಾಗಾಗಿ ಬಚ್ಚಲಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. 20 ಲೀಟರಿನ ಬಕೆಟ್, ಒಂದು ಲೀಟರಿನ ಮಗ್ಗು ಎಂದುಕೊಂಡರೆ ಒಂದು ಸ್ನಾನಕ್ಕೆ ಹದಿನೈದು ಇಪ್ಪತ್ತು ಸಲ ಬಾಗಿ ಏಳಬೇಕು. ಬಕೆಟನ್ನು ಗಟ್ಟಿಯಾದ ಸ್ಟೂಲಿನ ಮೇಲಿಡಿ, ಪಕ್ಕದಲ್ಲಿ ರಬ್ಬರ್ ಕಾಲಿನ ಎತ್ತರದ ಇನ್ನೊಂದು ಸ್ಟೂಲು ಕೂರಲು. ಬಕೆಟ್ಟಿನ ಬಾಯಿ ಕೂತವರ ಮೊಣಕೈ ಮಟ್ಟಕ್ಕೆ ಬಂದರೆ ಸರಿ. ತುಂಬುವವರು, ಎತ್ತಿಡುವವರು ಬೇರೆಯವರಾಗಿರಲಿ. ಬಕೆಟ್ ಪಕ್ಕಕ್ಕಿದ್ದರೆ ಪ್ರತಿ ಮಗ್ಗಿಗೂ ಸೊಂಟ ತಿರುಚುತ್ತದೆ, ಎದುರಿಗೇ ಇರಲಿ. ಮಂಡಿಯಿಂದ ಕೆಳಕ್ಕೆ ಸೋಪು ಹಚ್ಚುವುದು, ಒರೆಸುವುದು ಬೇರೆಯವರ ಕೆಲಸ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಗಾಯಕ್ಕೆ ನೀರು ತಾಗದಂತೆ ಬಟ್ಟೆ ಒದ್ದೆ ಮಾಡಿ ಮೈ ಒರೆಸಿಕೊಳ್ಳಬೇಕು. ನೀರು ನುಗ್ಗದ ಡ್ರೆಸ್ಸಿಂಗ್ ಹಾಕಿ, ಸ್ನಾನ ಮಾಡಬಹುದು ಎಂದು ಡಾಕ್ಟರೇ ಹೇಳಿದ್ದರೆ ಮಾತ್ರ ಮಾಡಿ. ಗಾಯಕ್ಕೆ ಅರಿಶಿನ, ಕೊಬ್ಬರಿಎಣ್ಣೆ, ಪೌಡರ್ ಏನೂ ಬೇಡ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿ. ಸೋಪಿನ ನೀರು ನಿಂತ ಟೈಲ್ಸ್ ಮೇಲೆ ಜಾರಿದರೆ ಎಲ್ಲ ಶ್ರಮವೂ ಹಾಳು.

ಸಿಂಕಿನ ಮುಂದೆ ಹಲ್ಲುಜ್ಜುವಾಗ ಒಂದು ಕಾಲನ್ನು ನಾಲ್ಕಾರು ಇಂಚಿನ ಮಣೆಯ ಮೇಲಿಟ್ಟು, ಒಂದು ಕೈಯನ್ನು ಸಿಂಕಿಗೆ ಊರಿ ನಿಲ್ಲಿ. ಬಾಯಿ ಮುಕ್ಕಳಿಸಿದ್ದನ್ನು ಒಂದು ಮಗ್ಗಿಗೆ ಉಗುಳಿ ಚೆಲ್ಲಿದರೆ ಬಾಗುವ ಪ್ರಶ್ನೆಯೇ ಇಲ್ಲ. ಹಳೇ ಮನೆಗಳಲ್ಲಿ ಇಂಡಿಯನ್ ಕಕ್ಕಸು ಮಾತ್ರ ಇದ್ದರೆ, ಅದರ ಮೇಲೆ ನಿಲ್ಲಿಸುವ ಕಮೋಡ್ ಸ್ಟೂಲು ದೊಡ್ಡ ಆಸ್ಪತ್ರೆಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕುಕ್ಕರಗಾಲಲ್ಲಿ ಕೂರುವುದು ಸೊಂಟವನ್ನು ಪೂರ್ತಿ ಬಗ್ಗಿಸುತ್ತದೆ. ವೆಸ್ಟರ್ನ್ ಕಮೋಡೂ ಉದ್ದ ಕಾಲಿನವರಿಗೆ ತಗ್ಗು, ಅವರು ನಾಲ್ಕು ಇಂಚು ಎತ್ತರಿಸುವ ಸೀಟು ಹಾಕಿಸಿಕೊಳ್ಳಬಹುದು.

ಮೊದಲ ವಾರ ಹೆಚ್ಚಿನವರನ್ನು ಕಾಡುವುದು ಮಲಬದ್ಧತೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಕರುಳನ್ನು ನಿಧಾನ ಮಾಡುತ್ತದೆ, ಓಡಾಟವೂ ಕಡಿಮೆ. ತಿಣುಕಿದರೆ ಬೆನ್ನಿನ ಮೇಲೆ ಒತ್ತಡ. ಪಪ್ಪಾಯಿ, ಸೊಪ್ಪಿನ ಹುಳಿ, ದಿನಕ್ಕೆ ಎರಡೂವರೆ ಲೀಟರ್ ನೀರು ಮೊದಲ ದಿನದಿಂದಲೇ ಶುರುವಾಗಲಿ. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ನೀರಿನ ಅಳತೆಯನ್ನು ಡಾಕ್ಟರನ್ನು ಕೇಳಬೇಕು. ಇಸಬ್ಗೋಲ್ ತೆಗೆದುಕೊಂಡರೆ ಜೊತೆಗೆ ತುಂಬು ಲೋಟ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಮೂರು ದಿನ ಆಗದಿದ್ದರೆ ಕಾಯದೆ ಫೋನ್ ಮಾಡಿ ಸಿರಪ್ ಬರೆಸಿಕೊಳ್ಳಿ.

ಮಾತ್ರೆಗಳನ್ನು ಒಂದು ಹಾಳೆಯಲ್ಲಿ ಹೊತ್ತಿನ ಪ್ರಕಾರ ಬರೆದು ಫ್ರಿಜ್ಜಿಗೆ ಅಂಟಿಸಿ. ಟ್ರಮಡಾಲ್ ಇರುವ ಬಹಳಷ್ಟು ಮಾತ್ರೆಗಳಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದು ತಿಳಿಯದೆ ಜ್ವರ ಬಂದಂತಿದೆ ಎಂದು ಮೇಲಿಂದ 650ರ ಮಾತ್ರೆ ನುಂಗುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ದಿನದ ಒಟ್ಟು ಪ್ಯಾರಾಸಿಟಮಾಲ್ 4 ಗ್ರಾಂ ಮೀರಬಾರದು, ವಯಸ್ಸಾದವರಿಗೆ, ಲಿವರ್ ತೊಂದರೆಯವರಿಗೆ ಇನ್ನೂ ಕಡಿಮೆ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಂಪರು ತರುತ್ತದೆ, ರಾತ್ರಿ ಎದ್ದಾಗ ಹುಷಾರು. ಅದನ್ನು ಒಂದೇ ದಿನ ನಿಲ್ಲಿಸದೆ ಡಾಕ್ಟರು ಹೇಳಿದಂತೆ ಇಳಿಸಬೇಕು. ಸ್ಕ್ರೂ ಹಾಕಿಸಿಕೊಂಡವರು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಬೇರೆ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್ ಗುಂಪಿನವು ಮೂಳೆ ಬೆಸೆಯುವುದನ್ನು ನಿಧಾನ ಮಾಡಬಹುದೆಂದು ಎಷ್ಟೋ ಸರ್ಜನ್‌ಗಳು ಅವನ್ನು ದೂರ ಇಡುತ್ತಾರೆ.

ಕೂರುವುದಕ್ಕೆ ಸೋಫಾ ಬೇಡ. ಅದರಲ್ಲಿ ಹೂತುಹೋದ ಸೊಂಟವನ್ನು ಎತ್ತುವುದೇ ಕಷ್ಟ. ಕೈಯಿರುವ ಬಿಳಿ ಪ್ಲಾಸ್ಟಿಕ್ ಕುರ್ಚಿ ಒಂದೇ ಆದರೆ ಹಿಂದಕ್ಕೆ ಬಾಗಿ ಕಾಲು ಅಗಲುತ್ತದೆ. ಎರಡನ್ನು ಒಂದರ ಮೇಲೊಂದು ಇಟ್ಟರೆ ಎತ್ತರವೂ ಸಿಗುತ್ತದೆ, ಗಟ್ಟಿಯೂ ಆಗುತ್ತದೆ. ಮೊದಲ ಎರಡು ವಾರ ಒಂದು ಸಲಕ್ಕೆ 20 ನಿಮಿಷ ಸಾಕು. ಊಟದ ಹೊತ್ತಲ್ಲಿ ಒಂದು ತೊಡಕು ಇದೆ. ಅನ್ನಕ್ಕೆ ಸಾರು ಕಲಸಿ ಕೈಯಲ್ಲಿ ಉಣ್ಣುವವರು ಚೆಲ್ಲಬಾರದೆಂದು ತಟ್ಟೆಯ ಮೇಲೆ ಪೂರ್ತಿ ಬಾಗುತ್ತಾರೆ, ತುತ್ತಿಗೊಂದು ಸಲ. ಟೇಬಲಿನ ಮೇಲೆ ಒಂದು ಮಣೆ ಇಟ್ಟು ಅದರ ಮೇಲೆ ತಟ್ಟೆ ಇಡಿ. ಅಥವಾ ಆಳದ ಬಟ್ಟಲಿಗೆ ಹಾಕಿ ಚಮಚ ಕೊಟ್ಟು, ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು ತಿನ್ನಲಿ. ಗಾಯ ಮಾಯಲು ಪ್ರೋಟೀನ್ ಬೇಕು: ಬೇಳೆ, ಮೊಸರು, ಮೊಟ್ಟೆ ಏನು ಒಗ್ಗುತ್ತದೋ ಅದು ಮೂರು ಹೊತ್ತೂ ಇರಲಿ. ರಾಗಿ 100 ಗ್ರಾಮಿಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಕೊಡುತ್ತದೆ, ಮುದ್ದೆಯನ್ನೋ ಅಂಬಲಿಯನ್ನೋ ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ವಾರಕ್ಕೆರಡು ಸಲವಾದರೂ ಶುಗರ್ ನೋಡಿಕೊಳ್ಳಲಿ, ಏರಿದ ಸಕ್ಕರೆಯಲ್ಲಿ ಗಾಯ ಕೀವಾಗುವುದು ಬೇಗ.

ಈಗ ಅಡುಗೆಮನೆಯ ಮಾತು. ಆಪರೇಷನ್ ಆದವರು ಗಂಡಸಾದರೆ ಮನೆ ಅವರಿಗೆ ಆರು ವಾರವನ್ನು ಪ್ರಶ್ನೆಯಿಲ್ಲದೆ ಕೊಡುತ್ತದೆ. ಹೆಂಗಸಾದರೆ ಹತ್ತನೇ ದಿನಕ್ಕೆ ಅವರು ಒಲೆಯ ಮುಂದೆ ಇರುತ್ತಾರೆ. ಯಾರೂ ಬಲವಂತ ಮಾಡಿರುವುದಿಲ್ಲ. ಹುಳಿಗೆ ಉಪ್ಪು ಸರಿಯಾಗಿಲ್ಲ ಎಂದೋ ಮಗಳಿಗೆ ಪರೀಕ್ಷೆ ಎಂದೋ ತಾವೇ ಎದ್ದುಬಿಡುತ್ತಾರೆ. ಹೊಲಿಗೆ ಒಣಗಿದ್ದನ್ನು ಕಂಡು ವಾಸಿಯಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು, ಒಳಗಿನ ಗಾಯಕ್ಕೆ ಹತ್ತು ದಿನ ಏನೂ ಅಲ್ಲ. ಅನ್ನ, ನೀರು ತುಂಬಿದ 5 ಲೀಟರ್ ಕುಕ್ಕರ್ 5 ಕೆಜಿಯ ಹತ್ತಿರ ತೂಗುತ್ತದೆ. ಮೊದಲ ಎರಡು ವಾರಕ್ಕೆ ಭಾರದ ಮಿತಿ ಸುಮಾರು 2 ಕೆಜಿ, ಅಂದರೆ ನಂದಿನಿ ಹಾಲಿನ ಅರ್ಧ ಲೀಟರಿನ ನಾಲ್ಕು ಪ್ಯಾಕೆಟ್. ಅದನ್ನೂ ಮೈಗೆ ತಾಗಿಸಿ ಹಿಡಿಯಬೇಕು. ಮೂರನೇ ವಾರದಿಂದ ನಿಂತು ಒಗ್ಗರಣೆ ಹಾಕಬಹುದು, ಕಟ್ಟೆಯ ಮೇಲೆ ತರಕಾರಿ ಹೆಚ್ಚಬಹುದು, 15 ನಿಮಿಷಕ್ಕೊಮ್ಮೆ ವಿಶ್ರಾಂತಿ. ಈಳಿಗೆಮಣೆ ಅಟ್ಟಕ್ಕೆ ಹೋಗಲಿ, ಕಟ್ಟೆಗೆ ಕಚ್ಚಿಸುವ ತಿರುಗಿಸುವ ತುರಿಮಣೆ ಬರಲಿ. ಪೊರಕೆ, ನೆಲ ಒರೆಸುವುದು, ರಂಗೋಲಿ, ಮಗುವನ್ನು ಎತ್ತಿಕೊಳ್ಳುವುದು ಇವು ನಾಲ್ಕೂ ಆರು ವಾರ ಪೂರ್ತಿ ನಿಷಿದ್ಧ. ಮೊಮ್ಮಗು ಬೇಕೆಂದರೆ ಕೂತಿರುವಾಗ ತಂದು ಪಕ್ಕದಲ್ಲಿ ಕೂರಿಸಿ. ವರಮಹಾಲಕ್ಷ್ಮಿಯೋ ಗೌರಿಯೋ ನಡುವೆ ಬಂದರೆ ಪೂಜೆಯನ್ನು ಟೇಬಲಿನ ಮೇಲೆ ಜೋಡಿಸಿ, ನಿಂತೇ ಕೈಮುಗಿಯಲಿ.

ಔಷಧಿಗಿಂತ ಹೆಚ್ಚು ಕೆಲಸ ಮಾಡುವುದು ನಡಿಗೆ. ಮೊದಲ ವಾರ ಮನೆಯೊಳಗೆ 5 ನಿಮಿಷದ ಹಾಗೆ ದಿನಕ್ಕೆ ಐದಾರು ಸಲ, ಎರಡನೇ ವಾರ 10 ನಿಮಿಷ, ಆರನೇ ವಾರಕ್ಕೆ ಒಂದೇ ಉಸಿರಿಗೆ 30 ನಿಮಿಷ. ನಡೆದ ಮೇಲೆ ಕಾಲಿನ ನೋವು ಹೆಚ್ಚಾಗಿ ಎರಡು ಗಂಟೆಯಾದರೂ ಇಳಿಯದಿದ್ದರೆ ಮರುದಿನ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಬೆಂಗಳೂರಿನ ಫುಟ್‌ಪಾತಿನ ಅಲ್ಲಾಡುವ ಚಪ್ಪಡಿಗಳನ್ನು ನಂಬಬೇಡಿ. ಮೊದಲ ತಿಂಗಳು ತಾರಸಿ ಅಥವಾ ಅಪಾರ್ಟ್‌ಮೆಂಟಿನ ಕಾರಿಡಾರ್, ಆಮೇಲೆ ಸಮತಟ್ಟಾದ ಪಾರ್ಕು. ಲಾಲ್‌ಬಾಗ್ ಹತ್ತಿರದವರು ಕೆರೆಯ ಸುತ್ತ ನಡೆಯಲಿ, ಬಂಡೆ ಹತ್ತುವುದು ಬೇಡ. ಕಾಲಿಗೆ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ, ಲೇಸ್ ಇಲ್ಲದ ಶೂ. ಬೆಲ್ಟ್ ಕೊಟ್ಟಿದ್ದರೆ ಹತ್ತಿ ಬನಿಯನ್ ಮೇಲೆ ಕಟ್ಟಿ, ಮಲಗಿದಾಗ ಬಿಚ್ಚಿ. ತಿಂಗಳುಗಟ್ಟಲೆ ಕಟ್ಟಿಕೊಂಡೇ ಇದ್ದರೆ ಬೆನ್ನಿನ ಸ್ನಾಯು ಸೋಮಾರಿಯಾಗುತ್ತದೆ. ಕೆಮ್ಮು, ಸೀನು ಬಂದರೆ ಮಂಡಿ ಸ್ವಲ್ಪ ಮಡಚಿ ಗೋಡೆ ಹಿಡಿಯಿರಿ, ಇಲ್ಲವೇ ದಿಂಬನ್ನು ಹೊಟ್ಟೆಗೆ ಅಪ್ಪಿಕೊಳ್ಳಿ.

ಕಾಲಿನ ಸೆಳೆತ ಎಷ್ಟೋ ಜನರಿಗೆ ಆಪರೇಷನ್ ದಿನವೇ ಇಳಿಯುತ್ತದೆ. ಪಾದದ ಜೋಮು, ಹೆಬ್ಬೆರಳಿನ ಶಕ್ತಿ ಬರುವುದು ತಡ. ಹಾಳಾದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಸೊಂಟದಿಂದ ಪಾದದ ದಾರಿಯೋ ಮಾರುದ್ದ. ಎರಡು ಮೂರನೇ ವಾರ ನೋವು ಮತ್ತೆ ಸ್ವಲ್ಪ ಎದ್ದು ನಾಲ್ಕು ದಿನದಲ್ಲಿ ಇಳಿಯುವುದೂ ಇದೆ. ಓಡಾಟ ಹೆಚ್ಚಾಗಿರುತ್ತದೆ, ಮಾತ್ರೆ ಕಡಿಮೆಯಾಗಿರುತ್ತದೆ. ಆಪರೇಷನ್ ಫೇಲಾಯಿತು ಎಂದು ಅತ್ತು ಊಟ ಬಿಡುವವರನ್ನು ಆಗ ಪಕ್ಕದಲ್ಲಿ ಕೂತು ಸಮಾಧಾನ ಮಾಡಬೇಕು. ಪ್ರತಿದಿನ ಹತ್ತಕ್ಕೆ ಎಷ್ಟು ನೋವು, ಎಷ್ಟು ನಿಮಿಷ ನಡಿಗೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣದಿದ್ದರೂ, ಹದಿನೈದು ದಿನದ ಹಿಂದಿನ ಪುಟ ತಿರುವಿದರೆ ಕಾಣುತ್ತದೆ.

ಕಾಯಬಾರದ ಸಂಗತಿಗಳು ಬೇರೆ. ಮೂತ್ರ ಬಾರದೆ ಹೋಗುವುದು, ಮಲ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಪಾದ ಹೊಸದಾಗಿ ಜೋತುಬೀಳುವುದು: ಇವು ನರಗಳ ಗೊಂಚಲೇ ಒತ್ತಿಹೋಗುತ್ತಿರುವ ಸೂಚನೆ. ರಾತ್ರಿ ಎರಡು ಗಂಟೆಯಾಗಿದ್ದರೂ ಆಗಲೇ ಹೊರಡಬೇಕು. ಒಂದು ಮೀನಖಂಡ ಮಾತ್ರ ಊದಿ ನೋಯುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತು. ಅದರ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. 101 ಡಿಗ್ರಿ ಜ್ವರ, ಗಾಯದ ಸುತ್ತ ಕೆಂಪು, ಕೀವು ಕಂಡರೆ ಅದೇ ದಿನ ತೋರಿಸಿ. ಗಾಯದಿಂದ ತಿಳಿನೀರು ಸೋರಿದರೆ, ಕೂತಾಗ ತಲೆ ಸಿಡಿದು ಮಲಗಿದಾಗ ಇಳಿದರೆ ಬೆನ್ನುಹುರಿಯ ದ್ರವ ಸೋರುತ್ತಿರಬಹುದು, ಮಲಗಿಸಿಕೊಂಡೇ ಫೋನ್ ಮಾಡಿ.

ನೋಡಲು ಬರುವ ನೆಂಟರಿಗೆ ಒಂದು ಮಾತು. ನೀವು ಭಾನುವಾರ ಬಂದು ಒಂದೂವರೆ ಗಂಟೆ ಕೂತರೆ ರೋಗಿಯೂ ಮರ್ಯಾದೆಗೆಂದು ಅಷ್ಟು ಹೊತ್ತು ಕೂರುತ್ತಾರೆ. ಅವರು ಮಲಗಿರುವಂತೆಯೇ ಕಾಲು ಗಂಟೆ ಮಾತಾಡಿಸಿ ಬನ್ನಿ. ಬೆನ್ನು ನೀವಿ ಸರಿ ಮಾಡುವವರ ವಿಳಾಸ ಕೊಡಬೇಡಿ. ಆಪರೇಷನ್ ಆದ ಜಾಗವನ್ನು ತಿಕ್ಕುವುದು, ಎಳೆಯುವುದು, ತುಳಿಸುವುದು ಅಪಾಯ.

ಕಂಪ್ಯೂಟರ್ ಕೆಲಸದವರು ಡಿಸ್ಕ್ ಆಪರೇಷನ್ ಆದ ನಾಲ್ಕರಿಂದ ಆರು ವಾರಕ್ಕೆ ಮರಳಬಹುದು, ಮೊದಲು ಅರ್ಧ ದಿನ. ಮನೆಯಿಂದ ಕೆಲಸವೆಂದು ಮಂಚದ ಮೇಲೆ ಕಾಲು ಚಾಚಿ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಭಂಗಿ. ಸ್ಕೂಟರ್, ಬೈಕು, ಹಿಂದೆ ಕೂರುವುದೂ ಸೇರಿ, ಸರ್ಜನ್ ಒಪ್ಪುವವರೆಗೆ ಬೇಡ. ನಮ್ಮ ರಸ್ತೆಗಳಲ್ಲಿ ಪ್ರತಿ ಹಂಪೂ ಬೆನ್ನಿಗೇ ಬಡಿಯುತ್ತದೆ. ಮೆಟ್ರೋ ಸಿಗುವವರಿಗೆ ಅದೇ ಮೇಲು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಅದು ಸಿಕ್ಕಿದೆ. ಲಿಫ್ಟ್ ಬಳಸಿ, ನೂಕುನುಗ್ಗಲಿನ ಹೊತ್ತು ತಪ್ಪಿಸಿ. ದಾಂಪತ್ಯದ ವಿಷಯವನ್ನು ಕೇಳಲು ನಾಚುವವರಿಗೆ: ಸಾಮಾನ್ಯವಾಗಿ ನಾಲ್ಕಾರು ವಾರದ ನಂತರ, ನೋವಿಲ್ಲದ ಭಂಗಿಯಲ್ಲಿ, ಆಪರೇಷನ್ ಆದವರು ಅಂಗಾತ ಮಲಗಿ.

ಆರನೇ ವಾರದ ತಪಾಸಣೆಗೆ ನೋಟ್‌ಬುಕ್, ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಹಾಳೆ ಮೂರನ್ನೂ ಒಯ್ಯಿರಿ. ಡಾಕ್ಟರು ಸರಿ ಎಂದರೂ ಸಾಮಾನೆಲ್ಲ ಅದೇ ಸಂಜೆ ನೆಲಕ್ಕಿಳಿಯುವುದು ಬೇಡ. ಮೊದಲ ವಾರ ಕೆಳಗಿನ ಶೆಲ್ಫಿನ ಹಗುರ ಡಬ್ಬಿಗಳು, ಅವನ್ನೂ ಮಂಡಿ ಮಡಚಿ ತೆಗೆಯಬೇಕು. ಮರುವಾರ ಅರ್ಧ ಬಕೆಟ್. ಅದರ ಮರುವಾರ ಉದ್ದ ಕೋಲಿನ ಮಾಪು. ರಂಗೋಲಿಯನ್ನು ಇನ್ನೊಂದು ತಿಂಗಳು ಬಾಗಿಲ ಪಕ್ಕದ ಕಟ್ಟೆಯ ಮೇಲೇ ಬಿಡಿ. 20 ಲೀಟರಿನ ಕ್ಯಾನನ್ನು ತಂದುಕೊಡುವ ಹುಡುಗನೇ ಸ್ಟ್ಯಾಂಡಿನ ಮೇಲೆ ಏರಿಸಿ ಹೋಗಲಿ, ತುಂಬಿದ ಗ್ಯಾಸ್ ಸಿಲಿಂಡರನ್ನು ಇನ್ನು ಮುಂದೆ ಎಂದೂ ಇವರು ಎತ್ತುವುದು ಬೇಡ.